ಎಡಗೈಯ ಶಿಲುಬೆ

ನಮ್ಮ ಸಾನ್ ಪೆದ್ರೊದಲ್ಲಿ ಚೆಂಡೆಸೆಯುವವರಿಗೆ ಬರವಿಲ್ಲ. ವರ್ಷಗಟ್ಟಲೆ ಎಸೆದ ಮೇಲೂ ತೋಳು ನೆಟ್ಟಗಿರುವವರು ಮಾತ್ರ ಕಮ್ಮಿ. ಎಲಿಹಿಯೊ ಪೆಗೇರೊನ ತೋಳೂ ನೆಟ್ಟಗೆ ಉಳಿಯಲಿಲ್ಲ.

ಸಕ್ಕರೆ ಕಾರ್ಖಾನೆಯ ಕೇರಿಯಲ್ಲಿ ಹುಟ್ಟಿದ ಅವನು ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್ ಆಗಿ ಅಮೆರಿಕದವರೆಗೂ ಹೋಗಿದ್ದ. ಚಳಿಗಾಲಕ್ಕೆ ಊರ ತಂಡದಲ್ಲಿ ಆಡಲು ಬಂದಾಗ ಬಲ ಮೊಣಕೈ ಬಾತಿತ್ತು. ಹೇಳಿದರೆ ಚೆಂಡು ಕಿತ್ತುಕೊಂಡು ಆಟದಿಂದ ಹೊರಗೆ ಕೂರಿಸುತ್ತಾರೆಂದು ಬಾಯಿ ಬಿಡಲಿಲ್ಲ.

ನಮ್ಮ ಪಿಚರ್‌ಗಳು ಚೆಂಡೆಸೆಯುವ ದಿಬ್ಬ ಹತ್ತಿದೊಡನೆ ಬಲಗೈಯಿಂದ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಅಂದು ಎಲಿಹಿಯೊ ಕೈಗವಸು ತೊಟ್ಟ ಎಡಗೈಯಲ್ಲೇ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಮೊಣಕೈಯ ಸ್ನಾಯು ಹರಿಯಿತು, ಅವನ ಆಟವೂ ಅಲ್ಲಿಗೇ ಮುಗಿಯಿತು. ಬೆಂಚಿನ ಮೇಲೆ ನರಳುತ್ತಿದ್ದವನ ಹತ್ತಿರ ತಾಯಿ ಕಸಿಲ್ದಾ ಬಂದಳು.

"ದೇವರಿಗೆ ಎಡಗೈ ತೋರಿಸ್ತೀಯೇನೋ? ಅದಕ್ಕೇ ಕಣೋ ಹಿಂಗಾಗಿದ್ದು."

ಊರೆಲ್ಲ ಅದನ್ನೇ ನಂಬಿತು. ಆ ಬಲಗೈ ಹಣೆಯವರೆಗೆ ಮಡಚುತ್ತಲೇ ಇರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಅವನು ಕೋಚ್ ಆದ. ಮಾತು ಕಮ್ಮಿ, ಬೈಗುಳ ಜಾಸ್ತಿ. ಮೈದಾನದ ಮಣ್ಣು ಹದ ಮಾಡುವ ನನಗೂ ಅದರಲ್ಲಿ ಪಾಲಿತ್ತು.

ಹೋದ ಚಳಿಗಾಲ ವಿಲ್ಕಿನ್ ಎಂಬ ನಮ್ಮ ಪಿಚರ್‌ನನ್ನು ನೋಡಿ ಒಯ್ಯಲು ಅಮೆರಿಕದ ತಂಡದವನೊಬ್ಬ ಬಂದು ಕೂತಿದ್ದ. ವಿಲ್ಕಿನ್ ಎಸೆದ ಚೆಂಡು ಯಾರ ಬ್ಯಾಟಿಗೂ ಸಿಗುತ್ತಿರಲಿಲ್ಲ. ಆಟದ ಮಧ್ಯೆ ಮತ್ತೆ ದಿಬ್ಬ ಹತ್ತಿದವನು ಎಡಗೈಯಲ್ಲಿ ಶಿಲುಬೆ ಹಾಕಿಕೊಂಡ. ಎಲಿಹಿಯೊ ಎದ್ದು ಹೋಗಿ ಅಂಗೈ ಚಾಚಿದ.

"ಚೆಂಡು ಕೊಡು."

"ಮೇಷ್ಟ್ರೇ, ಆ ಅಮೆರಿಕದವ್ನು ನೋಡ್ತಾ ಇದಾನೆ."

"ನಾನೂ ನೋಡ್ತಾ ಇದೀನಿ. ಕೊಡು."

"ನಿನ್ ಕೈ ಹೋಯ್ತು ಅಂತ ಹೊಟ್ಟೆಕಿಚ್ಚೇನೋ, ಮುದುಕಾ?" ಎಂದು ಜನ ಕೂಗಿದರು. ಅಮೆರಿಕದವನು ಎದ್ದು ನಡೆದ. ನನಗೂ ಎಲಿಹಿಯೊನ ಮೇಲೆ ಸಿಟ್ಟು ಬಂತು.

ವಿಲ್ಕಿನ್‌ನ ತಾಯಿ ನೆರೆಯ್ದಾ ಸೀದಾ ತಂಡದ ಬೆಂಚಿಗೆ ನುಗ್ಗಿದಳು. "ನನ್ ಮಗನ ಅನ್ನಕ್ಕೆ ಕಲ್ಲು ಹಾಕ್ಬಿಟ್ಟೆಯಲ್ಲೋ."

ಎಲಿಹಿಯೊ ವಿಲ್ಕಿನ್ ಕಡೆ ತಿರುಗಿ, "ಅಮ್ಮನ ಮುಂದೆ ಶಿಲುಬೆ ಹಾಕ್ಕೋ. ಬಲಗೈಲಿ," ಎಂದ.

ಕೈ ಗಲ್ಲದವರೆಗೆ ಏರಿ ನಿಂತುಬಿಟ್ಟಿತು. ವಿಲ್ಕಿನ್‌ನ ಮುಖ ಬೆವರಿತು. ನೆರೆಯ್ದಾ ಆ ಕೈಯನ್ನೇ ನೋಡುತ್ತಾ ನಿಂತಳು. ಆಮೇಲೆ ಮೆಲ್ಲಗೆ, "ಐಸ್ ಎಲ್ಲಿದೆ?" ಎಂದು ಕೇಳಿದಳು.

ಎಲಿಹಿಯೊ ಐಸಿನ ಬಕೆಟ್ಟನ್ನು ಅವಳ ಕಡೆಗೆ ಸರಿಸಿದ.

"ನಮ್ಮಮ್ಮಂಗೆ ನಾನು ಕೈ ಹಿಂಗೆ ನಿಲ್ಲೋದನ್ನ ತೋರಿಸ್ಲೇ ಇಲ್ಲ," ಎಂದ. "ಸಾಯೋವರ್ಗೂ ದೇವರ ಶಾಪ ಅಂತ್ಲೇ ಅಂದ್ಕೊಂಡಿದ್ಲು."