ಕಫನಿನ ಅತ್ತರು

ತುಮಕೂರಿನ ನಮ್ಮ ಅತ್ತರಿನ ಅಂಗಡಿಯ ಮೇಲಿನ ಹಲಗೆಯಲ್ಲಿ ಹಸಿರು ಗಾಜಿನ ದೊಡ್ಡ ಸೀಸೆಯೊಂದಿತ್ತು. ಕರ್ಪೂರ, ಗಂಧ, ಲಾವಂಚ ಸೇರಿಸಿ ನಮ್ಮಪ್ಪ ಬೆರೆಸುತ್ತಿದ್ದ ಅತ್ತರು ಅದು. ಬದುಕಿರುವವರಿಗಲ್ಲ. ಸತ್ತವರಿಗೆ ಸ್ನಾನ ಮಾಡಿಸಿ, ಕಫನಿನ ಬಿಳಿ ಬಟ್ಟೆ ಸುತ್ತುವ ಹೊತ್ತಿಗೆ ಹಣೆಗೆ, ಮೂಗಿಗೆ, ಅಂಗೈಗೆ, ಮಂಡಿಗೆ, ಪಾದಕ್ಕೆ ಹಚ್ಚುವುದು. ಬದುಕಿದ್ದಾಗ ನಮಾಜಿನಲ್ಲಿ ನೆಲ ಮುಟ್ಟಿದ ಜಾಗಗಳವು. ಯಾರಾದರೂ ಅದನ್ನು ಕೇಳಿದರೆ ಅಪ್ಪ ಸೀಸೆಗೆ ಕೈ ಹಾಕುವ ಮೊದಲು ಒಂದೇ ಮಾತು ಕೇಳುತ್ತಿದ್ದರು, “ಯಾರು ಹೋದರು?” ಹೆಸರು ಕೇಳಿ, ಸ್ವಲ್ಪ ಹೊತ್ತು ತಲೆ ತಗ್ಗಿಸಿ, ಆಮೇಲೆ ಸ್ಟೂಲು ಹತ್ತುತ್ತಿದ್ದರು. ಪಕ್ಕದ ವಿಭೂತಿ ಅಂಗಡಿಯ ಅಜ್ಜ, ನನಗೆ ಕನ್ನಡ ಕಲಿಸಿದ ಪುಣ್ಯಾತ್ಮ, ಅಪ್ಪ ಸ್ಟೂಲು ಹತ್ತಿದ್ದು ಕಂಡರೆ ತಾವೂ ಎದ್ದು ನಿಲ್ಲುತ್ತಿದ್ದರು. “ಸಾಬ್ರು ಮೇಲಕ್ಕೆ ಕೈ ಹಾಕುದ್ರು. ಯಾರ ಮನೇಲೋ ಒಲೆ ಹತ್ತಿಲ್ಲ ಇವತ್ತು” ಎನ್ನುತ್ತಿದ್ದರು.

ಅಪ್ಪ ಹೋದ ಮೇಲೆ ಆ ಅತ್ತರು ಬೆರೆಸುವುದನ್ನೂ ಆ ಪ್ರಶ್ನೆಯನ್ನೂ ನಾನು ಮುಂದುವರಿಸಿದೆ. ತಿಂಗಳಿಗೆ ಒಂದೆರಡು ಸಲ ಇಳಿಯುತ್ತಿದ್ದ ಸೀಸೆ ಅದು. ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ವಾರಕ್ಕೆ ಮೂರು ನಾಲ್ಕು ಸಲ ಇಳಿಯತೊಡಗಿತು. ಕೇಳುವವರೆಲ್ಲ ಕಾಲೇಜಿನ ವಯಸ್ಸಿನವರು.

“ಚಾಚಾ, ಮೇಲಿಂದು ಕೊಡಿ, ಆ ಹಸ್ರು ಬಾಟ್ಲಿದು” ಎಂದ ಮೊದಲನೆಯವನು.

“ಯಾರು ಹೋದ್ರಪ್ಪಾ?”

“ಎಲ್ಲಿಗೆ?” ಎಂದ. ಹೊರಗೆ ಬೈಕಿನ ಮೇಲೆ ಕೂತಿದ್ದ ಗೆಳೆಯನನ್ನು ತಿರುಗಿ ನೋಡಿ, “ಯಾರೂ ಹೋಗಿಲ್ಲ ಚಾಚಾ, ಎಲ್ರೂ ಇಲ್ಲೇ ಅವ್ರೆ” ಎಂದು ನಕ್ಕ.

ಆದರೂ ಕೊಟ್ಟೆ. ಈ ಕಾಲದ ಮಕ್ಕಳು ಹಳೆಯ ಪರಿಮಳಕ್ಕೆ ಮನಸೋತಿರಬೇಕು ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಶುಕ್ರವಾರಗಳಲ್ಲಿ ನಾನು ಅತ್ತರಿನ ಪೆಟ್ಟಿಗೆ ಹಿಡಿದು ಬೆಳಗಿನ ಬಸ್ಸಿಗೆ ಕುಣಿಗಲ್ಲಿಗೆ ಹೋಗುತ್ತೇನೆ. ಅಂಥ ಒಂದು ಶುಕ್ರವಾರ, ಹೆಬ್ಬೂರು ದಾಟಿದ ಮೇಲೆ, ಬಸ್ಸಿನೊಳಗೆ ಕಫನಿನ ವಾಸನೆ ಬಂತು. ಪೆಟ್ಟಿಗೆಯಲ್ಲಿ ಆ ಅತ್ತರು ಇರಲಿಲ್ಲ, ಅದನ್ನು ನಾನು ಅಂಗಡಿಯಿಂದಾಚೆ ಒಯ್ಯುವುದಿಲ್ಲ. ತಿರುಗಿ ನೋಡಿದೆ. ಹಿಂದಿನ ಸೀಟಿನಲ್ಲಿ ಮೂವರು, ತೊಡೆಯ ಮೇಲೆ ಕಾಲೇಜು ಬ್ಯಾಗು, ಒಬ್ಬರ ಭುಜದ ಮೇಲೆ ಒಬ್ಬರ ತಲೆ. ಕಿಟಕಿಯ ಬಿಸಿಲು ನೇರ ಮುಖಕ್ಕೆ ಬಿದ್ದಿದ್ದರೂ ರೆಪ್ಪೆ ಅಲುಗುತ್ತಿಲ್ಲ. ಬಾಯಿ ಅರ್ಧ ತೆರೆದಿದೆ. ಎಷ್ಟೋ ಮನೆಗಳ ಒಳಕೋಣೆಯಲ್ಲಿ ಅಂಥ ಮುಖಗಳನ್ನು ನಾನು ಕಂಡಿದ್ದೇನೆ, ಆದರೆ ಅವು ಮಲಗಿರುತ್ತವೆ, ಬಸ್ಸಿನಲ್ಲಿ ಕೂತಿರುವುದಿಲ್ಲ.

ಕಂಡಕ್ಟರ್ ಬಂದು ಸೀಟಿನ ಸರಳು ಕುಟ್ಟಿದ. “ಏನ್ಲಾ, ಮೂರು ಜನಕ್ಕೂ ಸೇರಿ ಒಂದೇ ತಲೆನಾ? ಟಿಕೆಟ್ ಎಷ್ಟು ಹರೀಲಿ?” ನಡುವಿನವನು ಕಣ್ಣು ಬಿಟ್ಟು ಸದ್ದಿಲ್ಲದೆ ನಗತೊಡಗಿದ.

ಮೂಗು ಮಂಕಾದಾಗ ನಾವು ಅತ್ತರಿನವರು ಹೆಗಲ ಮೇಲಿನ ಉಣ್ಣೆಯ ಶಾಲನ್ನು ಒಮ್ಮೆ ಮೂಸುತ್ತೇವೆ. ಆಗ ಮೂಗು ತೊಳೆದಂತಾಗುತ್ತದೆ. ಮೂಸಿ, ಮತ್ತೆ ಅವರ ಕಡೆ ಬಾಗಿದೆ. ಕರ್ಪೂರದ ಕೆಳಗೆ ಸುಟ್ಟ ಹಸಿ ಎಲೆಯ ವಾಸನೆ ಇತ್ತು.

ಕುಣಿಗಲ್ಲಿನಲ್ಲಿ ಇಳಿಯುವಾಗ ನನ್ನ ಪೆಟ್ಟಿಗೆಯನ್ನು ಇಳಿಸಿಕೊಟ್ಟವರೂ ಅವರೇ. ಒಳ್ಳೆಯ ಮನೆಯ ಮಕ್ಕಳು. ಟೀ ಕುಡಿಸಿ ಕೇಳಿದೆ, “ಗಾಂಜಾ ಸೇದ್ತೀರೇನ್ರೋ?”

“ಸೊಪ್ಪು ಚಾಚಾ. ಗಿಡದಲ್ಲಿ ಬಿಡೋದು. ನಿಮ್ ಬೀಡಿಗಿಂತ ವಾಸಿ” ಎಂದ ಒಬ್ಬ.

ಹಣೆಯಲ್ಲಿ ವಿಭೂತಿ ಇದ್ದ ಇನ್ನೊಬ್ಬ, “ನಮ್ಗೆ ಅದು ಶಿವನ ಪ್ರಸಾದ ಬುಡಿ” ಎಂದ.

ನಗುತ್ತಿದ್ದವನು ಮಾತ್ರ ಗಂಭೀರವಾಗಿ ಹೇಳಿದ, “ಕುಡ್ದೋರು ಬೀದೀಲಿ ಬಡ್ದಾಡ್ತಾರೆ. ನಾವು ಯಾರ ತಂಟೆಗೆ ಹೋಗಿದೀವಿ? ಸುಮ್ನೆ ಕೂತ್ಕೊತೀವಿ.”

“ಮತ್ತೆ ನನ್ನ ಅತ್ತರು ಯಾಕಪ್ಪಾ?”

“ನಮ್ಮಜ್ಜಿ ತೀರ್ಕೊಂಡಾಗ ನಿಮ್ಮಂಗ್ಡಿಯಿಂದ ತಂದಿದ್ರು. ಆ ಬಾಟ್ಲಿ ಮುಟ್ಟಿದ್ ಕೈಯಲ್ಲೇ ಸೇದಿದ್ದೆ, ಮನೇಲಿ ಯಾರ್ಗೂ ವಾಸ್ನೆ ಬರ್ಲಿಲ್ಲ. ಗುಬ್ಬಿ ಹುಡುಗ್ರಿಗೂ ನಾವೇ ಹೇಳಿದ್ದು. ನಿಮ್ಗೆ ಫ್ರೀ ಪಬ್ಲಿಸಿಟಿ ಚಾಚಾ” ಎಂದ ಅವನೇ.

“ಅದು ಹೆಣಕ್ಕೆ ಹಚ್ಚೋದು ಕಣ್ರೋ!”

“ಹೆಣಕ್ಕೆ ಯಾಕೆ ವೇಸ್ಟ್ ಮಾಡ್ತೀರಾ? ಅದನ್ನ ಮನೇಲಿ ಬಯ್ಯೋರು ಯಾರವ್ರೆ?”

ಮೂವರೂ ನಕ್ಕರು. ನನಗೆ ನಗು ಬರಲಿಲ್ಲ.

ಅಂದಿನಿಂದ, ಹೋದವರ ಹೆಸರು ಹೇಳದವರಿಗೆ ಸೀಸೆ ಇಳಿಸುವುದನ್ನು ನಿಲ್ಲಿಸಿದೆ. ಆದರೆ ಆಗಲೇ ಮಾರಿದ್ದ ಪುಟ್ಟ ಪುಟ್ಟ ಬಾಟಲಿಗಳು ಊರೂರು ಅಲೆಯುತ್ತಿದ್ದವು. ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹಿಂದಿನಿಂದ ಕಫನು ಹಾದುಹೋಗುತ್ತಿತ್ತು. ತಿರುಗಿದರೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಯಾರದೋ ಎಳೆಯ ಬೆನ್ನು.

ಆಮೇಲೆ ಅದು ನನ್ನ ಮನೆಗೇ ಬಂತು.

ಗುರುವಾರ ಮುಸ್ಸಂಜೆ ಮನೆಯ ಹಿರಿಯರು ಬಾಗಿಲವರೆಗೆ ಬಂದು, ನಮ್ಮನ್ನು ನೆನೆಯುತ್ತಾರೋ ಇಲ್ಲವೋ ಎಂದು ನೋಡಿ ಹೋಗುತ್ತಾರೆಂಬುದು ನಮ್ಮಲ್ಲಿನ ಹಳಬರ ನಂಬಿಕೆ. ನನ್ನ ಹೆಂಡತಿ ಆ ಹೊತ್ತಿಗೆ ಬಾಗಿಲು ತೆರೆದು, ಕೆಂಡದ ಮೇಲೆ ಲೋಬಾನ್ ಹಾಕಿ ಮನೆಯೆಲ್ಲ ಹೊಗೆ ಆಡಿಸಿ, ತಟ್ಟೆಯಲ್ಲಿ ಏನಾದರೂ ಸಿಹಿ ಇಡುತ್ತಾಳೆ. ಒಂದು ಗುರುವಾರ ಕಣ್ಣು ತುಂಬಿಕೊಂಡು ನನ್ನ ಬಳಿ ಬಂದಳು. ಮನೆಯಲ್ಲಿ ನಾವು ಆಡುವುದು ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಬ್ಬಾಜಾನ್ ಬಂದಿದ್ರು ಕಣ್ರೀ. ಮೆಟ್ಟಿಲ ಹತ್ರ. ಅವರ ಕೈ ವಾಸನೆ.”

ಅಬ್ಬಾಜಾನ್ ಎಂದರೆ ನಮ್ಮಪ್ಪ, ಬದುಕಿರುವವರೆಗೂ ಅವರ ಕೈಗಳಿಂದ ಆ ಅತ್ತರಿನ ವಾಸನೆ ಹೋಗಿರಲಿಲ್ಲ. ನಾನೂ ಮೆಟ್ಟಿಲ ಬಳಿ ನಿಂತೆ. ಅದೇ ಕೈ.

ಮುಂದಿನ ಗುರುವಾರವೂ ಆ ವಾಸನೆ ಬಂತು. ಹೆಂಡತಿ ಅಪ್ಪನಿಗೆ ಇಷ್ಟವಾಗಿದ್ದ ಗೋಧಿ ಹಲ್ವಾ ಮಾಡಿಟ್ಟಳು. ರಾತ್ರಿಯ ಇಶಾ ನಮಾಜಿನ ಹೊತ್ತಿಗೆ ತಟ್ಟೆ ಖಾಲಿ. “ನೋಡಿದ್ರಾ?” ಎಂದು ಪಿಸುಗುಟ್ಟಿದಳು. ನಾನೂ ನಂಬಿದೆ. ಮೂರನೆಯ ಗುರುವಾರ ಯಾಕೋ ಕೈ ತಾನಾಗಿ ಶಾಲನ್ನು ಮೂಗಿಗೆ ಒಯ್ದಿತು. ಲೋಬಾನಿನ ಕೆಳಗೆ ಕರ್ಪೂರ, ಕರ್ಪೂರದ ಕೆಳಗೆ ಸುಟ್ಟ ಎಲೆ.

ಅಪ್ಪ ಬೀಡಿ ಕೂಡ ಸೇದಿದವರಲ್ಲ. ಮೆಟ್ಟಿಲು ಹೋಗುವುದು ತಾರಸಿಗೆ. ಮನೆಯಲ್ಲಿರುವುದು ಮೂರೇ ಜನ. ಡಿಗ್ರಿ ಓದುತ್ತಿದ್ದ ನಮ್ಮ ಒಬ್ಬಳೇ ಮಗಳು ಸಂಜೆ ಓದಲು ತಾರಸಿಗೆ ಹೋಗುತ್ತಿದ್ದಳು.

ಹೆಂಡತಿಗೆ ಹೇಳಿದರೆ ಮಾರನೆಯ ದಿನವೇ ಕಾಲೇಜು ಬಂದ್, ವರ್ಷದೊಳಗೆ ಎಲ್ಲಾದರೂ ಮದುವೆ. ಹೇಳದೆ ಸುಮ್ಮನಿದ್ದರೆ ಆ ಬಸ್ಸಿನ ಸೀಟಿನಲ್ಲಿ ನಾಲ್ಕನೆಯ ತಲೆ. ವಾರವಿಡೀ ನನ್ನ ಕಣ್ಣೆದುರು ಆ ಸೀಟೇ ಇತ್ತು. ನಾಲ್ಕನೆಯ ಗುರುವಾರ ಲೋಬಾನಿನ ಡಬ್ಬಿಯನ್ನು ಅಂಗಡಿಯಲ್ಲಿ ಬಚ್ಚಿಟ್ಟು ಬಂದು, ಮುಗಿದಿದೆ ಎಂದು ಸುಳ್ಳು ಹೇಳಿ ತಾರಸಿ ಹತ್ತಿದೆ.

ನೀರಿನ ಟ್ಯಾಂಕಿಗೆ ಒರಗಿ, ದೇವರಾಯನದುರ್ಗದ ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದಳು. ತಿರುಗದೆಯೇ ಕೇಳಿದಳು, “ಅಮ್ಮಿ, ಇವತ್ತು ಲೋಬಾನ್ ಹಾಕಿಲ್ವಾ?”

“ಅದಕ್ಕೇ ಗುರುವಾರ ಆರಿಸಿಕೊಂಡೆಯಾ ಮಗಳೇ?” ಎಂದೆ.

ಬೆಚ್ಚಿದಳು. ಆಮೇಲೆ ಗಲ್ಲ ಎತ್ತಿದಳು. “ವಾರಕ್ಕೊಂದ್ ಸಲ ಅಬ್ಬಾ. ಎಲ್ರೂ ಮಾಡ್ತಾರೆ. ನನ್ನ ಮಾರ್ಕ್ಸ್ ಕಮ್ಮಿ ಆಗಿದ್ಯಾ? ತಲೆ ಒಳಗಿನ ಗಲಾಟೆ ನಿಲ್ಲುತ್ತೆ, ಅಷ್ಟೇ.”

ಬಯ್ಯಬೇಕೆಂದೇ ಹತ್ತಿದ್ದೆ. ಆದರೆ ಅವಳ ಮೈಯಿಂದ ಆ ವಾಸನೆ ಬರುತ್ತಿತ್ತು. “ಅತ್ತರು ಎಲ್ಲೆಲ್ಲಿ ಹಚ್ಕೊಂಡಿದೀಯ?” ಎಂದೆ.

ಗೆಳತಿ ಕೊಟ್ಟದ್ದೆಂದು ಪುಟ್ಟ ಬಾಟಲಿ ತೋರಿಸಿದಳು. ಕೂದಲಿಗೂ ವಾಸನೆ ಅಂಟಲೆಂದು ಹಣೆಗೆ, ಆಮೇಲೆ ಎರಡೂ ಅಂಗೈಗೆ ಹಚ್ಚಿಕೊಂಡಿದ್ದಳು.

“ನಿಮ್ಮ ದಾದಾಗೆ, ನಮ್ಮಪ್ಪಂಗೆ, ಕೊನೇ ಸಲ ಇದನ್ನ ಹಚ್ಚಿದ್ದು ನಾನು. ಮೊದಲು ಹಣೆ. ಆಮೇಲೆ ಮೂಗು, ಅಂಗೈ. ನಿನಗಿನ್ನೂ ಮೂಗು, ಮಂಡಿ, ಪಾದ ಬಾಕಿ.”

ತನ್ನ ಅಂಗೈಗಳನ್ನು ದೂರ ಹಿಡಿದು, ಬೇರೆ ಯಾರದೋ ಕೈಗಳೆಂಬಂತೆ ನೋಡಿದಳು.

“ನಿಮ್ಮಮ್ಮಿ ಮಾವ ಬಂದ್ರು ಅಂತ ಹಲ್ವಾ ಮಾಡಿಡ್ತಿದಾಳೆ.”

“ತಿಂದಿದ್ದು ನಾನು ಅಬ್ಬಾ” ಎಂದಳು ಸಣ್ಣ ದನಿಯಲ್ಲಿ. “ತುಂಬಾ ಹಸಿವಾಗ್ತಿತ್ತು.” ನಗಬೇಕೋ ಅಳಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಬಾಟಲಿಯನ್ನು ನನ್ನ ಕೈಗಿಟ್ಟು ಅವಳೇ ಹೇಳಿದಳು, “ಬಿಟ್ಟೆ ಅಂತ ಈಗ್ಲೇ ಹೇಳಲ್ಲ. ಸುಳ್ಳಾಗಬಹುದು.”

“ಹೇಳಬೇಡ. ಬರೋ ಗುರುವಾರ ಕೆಳಗೆ ಬಂದು ಕೈ ತೋರಿಸು.”

ಮರುದಿನ ಅವಳ ಬಾಟಲಿಯನ್ನೂ ಹಸಿರು ಸೀಸೆಯಲ್ಲಿ ಉಳಿದಿದ್ದನ್ನೂ ಒಯ್ದು ಅಪ್ಪನ ಗೋರಿಯ ಮಣ್ಣಿಗೆ ಸುರಿದು ಬಂದೆ. ಚರಂಡಿಗೆ ಚೆಲ್ಲಲು ಕೈ ಬರಲಿಲ್ಲ.

ಗುರುವಾರ ಬಂತು. ಲೋಬಾನ್ ಈ ವಾರವೂ ಇಲ್ಲವೆಂದು ಹೆಂಡತಿ ಗೊಣಗುತ್ತಲೇ ಬೀದಿಬಾಗಿಲು ತೆರೆದಿಟ್ಟಳು. ಮಗಳು ಕೋಣೆಯಿಂದ ಬಂದು, ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಅತ್ತರಿಗೆ ಕೈ ಚಾಚುತ್ತಿದ್ದಂತೆ, ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದಳು. ಶಾಲು ಮೂಸಿದೆ. ಅವಳ ಕೈ ಮೂಸಿದೆ. ಸೋಪು. ಸೋಪಿನ ಕೆಳಗೆ ಮಧ್ಯಾಹ್ನದ ಉಪ್ಪಿನಕಾಯಿ. ಮತ್ತೇನೂ ಇಲ್ಲ. ಆ ಕೈಗಳನ್ನು ಹಿಡಿದುಕೊಂಡು ಬಾಗಿಲ ಬಳಿಯೇ ನಿಂತೆ.

ಆಗ ಬಂತು. ತಾರಸಿಯ ಕಡೆಯಿಂದಲ್ಲ, ಬೀದಿಯ ಕಡೆಯಿಂದ. ಹೊಸ್ತಿಲಿನವರೆಗೆ ಬಂದು ನಿಂತಿತು. ಕರ್ಪೂರ, ಗಂಧ, ಲಾವಂಚ. ಬೀದಿಗೆ ಕಣ್ಣು ಹಾಯಿಸಿದೆ. ಆ ತುದಿಯಿಂದ ಈ ತುದಿಯವರೆಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಮತ್ತೆ ಶಾಲು ಮೂಸಿದೆ, ಮತ್ತೆ ಉಸಿರೆಳೆದೆ. ಕೆಳಗೆ ಸುಟ್ಟ ಎಲೆ ಇರಲಿಲ್ಲ.

ಮಗಳ ಉಗುರು ನನ್ನ ಕೈಗೆ ನಾಟಿತು. “ಅಬ್ಬಾ, ನಾನಲ್ಲ” ಎಂದಳು.

“ಗೊತ್ತು” ಎಂದೆ.

ಹಿಂದಿನಿಂದ ಹಲ್ವಾದ ತಟ್ಟೆ ಹಿಡಿದು ಹೆಂಡತಿ ಬಂದಳು. “ಇಬ್ರೂ ಬಾಗಿಲಿಗೆ ಅಡ್ಡ ನಿಂತಿದೀರಲ್ಲ, ದಾರಿ ಬಿಡಿ.”