ಗಂಟು ಬಿಚ್ಚುವ ಸಾಯಬಮ್ಮ

ಹತ್ತಿಕುಣಿಯ ಸೂಲಗಿತ್ತಿ ಸಾಯಬಮ್ಮ ಹೆರಿಗೆಗೆ ಬಂದಳೆಂದರೆ ಮೊದಲು ಹುಡುಕುವುದು ಗಂಟುಗಳನ್ನು. ಮನೆಯಲ್ಲಿ ಗಂಟಿದ್ದರೆ ಕೂಸು ತಡೆಯುತ್ತದೆಂದು ಅವಳ ನಂಬಿಕೆ. ಜೋಳದ ಚೀಲ, ಸಂದೂಕದ ಕೀಲಿ, ಎಮ್ಮೆಯ ಹಗ್ಗ, ಎಲ್ಲವನ್ನೂ ಬಿಚ್ಚಬೇಕು. “ನಿಜಾಮನ ಖಜಾನಿ ಇಲ್ಲಿದ್ರ ಅದರ ಕೀಲಿನೂ ತೆಗಸ್ತಿದ್ದೆ!” ಈ ಸಲ ಮನೆಯೊಡತಿ ಸೂಗಮ್ಮನನ್ನೂ ಬಿಡಲಿಲ್ಲ: “ತುರುಬು ಬಿಚ್ಚು ಸೂಗವ್ವ, ಮೊಮ್ಮಗ ಅದರಾಗ ಸಿಕ್ಕೊಂಡಾನ!” ಹೈದರಾಬಾದಿನಲ್ಲಿ ಓದಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಸೂಗಮ್ಮನ ಮಗಳು ಚಂದ್ರಕಲಾಗೆ ಮಾತ್ರ ನಗು ಬರಲಿಲ್ಲ, ಡಾಕ್ಟರಿಲ್ಲದೆ ತಾನು ಉಳಿಯುವುದಿಲ್ಲವೆಂಬ ಭಯ. ಆದರೂ ಹುಟ್ಟಿದ ಮನೆಯ ಪಡಸಾಲೆಯಲ್ಲಿ, ಸಾಯಬಮ್ಮನ ಕೊರಳಿಗೆ ಜೋತುಬಿದ್ದು ಅಡ್ಡಾಡುತ್ತ, ಬೇಕಾದಷ್ಟು ಚೀರಬಹುದಿತ್ತು. “ಚೀರು ನನ್ನವ್ವ, ನಿನ್ನ ಮನಿನೇ ಅದ.” ಹಾಗೆ ಅಡ್ಡಾಡುವಾಗಲೇ ಬಾಗಿಲಾಚೆ ಬಂಡಿ ಕಂಡಿತು: ಹುಲ್ಲು ಹಾಸಿ ಕೌದಿ ಹೊದಿಸಿದೆ, ಎತ್ತುಗಳನ್ನೂ ಹೂಡಿಯೇ ಇಟ್ಟಿದೆ. “ಆ ಹಗ್ಗ ಬಿಚ್ಚಿಸಲಿಲ್ಲೇನ?” ಎಂದಳು ಚಂದ್ರಕಲಾ ಗಾಬರಿಯಿಂದ. ಸಾಯಬಮ್ಮ ದನಿ ತಗ್ಗಿಸಿದಳು. “ಅದನ್ನ ನಾನೇ ಕಟ್ಟಿಸೇನಿ ಮಗಳ. ನನ್ನ ಕೈ ಮೀರಿದ್ರ ಸೀದಾ ಯಾದಗಿರಿ ದವಾಖಾನಿಗೆ. ಯಾರ ಹೆರಿಗಿ ಇದ್ರೂ ಅದೊಂದು ಇರ್ಲಿಕ್ಕೇ ಬೇಕು.” ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಚಂದ್ರಕಲಾ ಆಗ ಬಿಟ್ಟಳು. ಹೊತ್ತು ಇಳಿಯುವ ಮುಂಚೆ ಒಳಗೆ ಕೂಸು ಅತ್ತಿತು, ಅದರ ಹಿಂದೆಯೇ ಸಾಯಬಮ್ಮನ ಕೂಗು ಕೇಳಿತು: “ಹೆಣ್ಣು! ತಾಯಿ, ಮಗಳು ಇಬ್ಬರೂ ಆರಾಮ್ ಅದಾರ. ಇನ್ನ ಎತ್ತು ಬಿಚ್ಚರ್ಯೋ!”