ಚಾದರದ ಮೂಲೆಯ ಊರು

ನರ್ಸ್‌ಬಾಯಿಯವರ ಹಿಮ್ಮಡಿ ಎಷ್ಟು ಒಡೆದಿತ್ತೆಂದರೆ, ಒಂದೊಂದು ಬಿರುಕಿನಲ್ಲೂ ಅಕ್ಕಲಕೋಟದ ಕರಿಮಣ್ಣು ಕೂತಿರುತ್ತಿತ್ತು. ಬಿಳಿ ಕಾಲು, ಕರಿ ಗೆರೆ. ಸೊಲ್ಲಾಪುರದ ನವಿ ಪೇಠದಲ್ಲಿರುವ ನಮ್ಮ ಅರಿವೆ ಅಂಗಡಿಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಗಾದಿಯ ಮೇಲೆ ಕೂತವರೇ, "ಸಾವಕಾರ್ರ, ಚಹಾ ತರಸ್ತೀರೋ, ನಾನ ಹೋಗಿ ಕುಡದು ಬರ್ಲೋ?" ಎನ್ನುತ್ತಿದ್ದರು.

ಅವರ ತಂದೆ ತಾಯಿ ಅಮೆರಿಕದಿಂದ ಬಂದ ಮಿಶನರಿಗಳು. ಮಗಳು ಹುಟ್ಟಿದ್ದು ಇಲ್ಲೇ, ಮಿಶನ್ ಬಂಗಲೆಯಲ್ಲಿ. ತಾಯಿ ಇಲ್ಲಿಯ ಮಿಶನ್ ಸ್ಮಶಾನದಲ್ಲೇ ಮಣ್ಣಾದರು, ತಂದೆ ಮಗಳನ್ನು ಕರೆದುಕೊಂಡು ಮರಳಿದರು. ಆದರೆ ಮಗಳು ನರ್ಸಿಂಗ್ ಓದಿ ಮತ್ತೆ ಇಲ್ಲಿಗೇ ಬಂದರು. "ಅವ್ವನ ಬಾಜೂಕ ನನಗೊಂದು ಜಾಗಾ ಐತ್ರಿ. ಅದೊಂದು ಸಿಕ್ಕರ ಸಾಕು," ಎಂದು ನಗುತ್ತಲೇ ಹೇಳುತ್ತಿದ್ದರು.

ನನ್ನ ಹೆಂಡತಿಯ ತವರು ಅಕ್ಕಲಕೋಟ. ಚೊಚ್ಚಲ ಹೆರಿಗೆಗೆ ಅಲ್ಲಿಗೆ ಹೋದಾಗ ಮಗು ನೀಲಿಗಟ್ಟಿ ಹುಟ್ಟಿತು. ಉಸಿರಿಲ್ಲ, ಅಳುವಿಲ್ಲ. ಪ್ರತಿ ಗುರುವಾರ ಎಸ್.ಟಿ. ಬಸ್ಸಿನಲ್ಲಿ ಹೋಗಿ ಅಲ್ಲಿ ದವಾಖಾನೆ ನಡೆಸುತ್ತಿದ್ದ ಬಾಯಿಯವರು, ನಮ್ಮ ಪುಣ್ಯ, ಅಂದು ಅಲ್ಲೇ ಇದ್ದರು. ಕೂಸಿನ ಬೆನ್ನು ತಿಕ್ಕಿದರು, ಬಾಯಿಗೆ ಬಾಯಿಟ್ಟು ಊದಿದರು, ಮತ್ತೆ ತಿಕ್ಕಿದರು. "ಅಳು ನಮ್ಮವ್ವಾ, ಒಮ್ಮೆ ಅಳು!" ಕೊನೆಗೆ ಅತ್ತಿತು. ಬಾಯಿಯವರೂ ಅತ್ತರು. ಆ ಮಗಳಿಗೆ ಈಗ ಒಂದು ಕೂಸಿದೆ.

ಮಿಶನ್‌ನ ಯಾವ ಕುಟುಂಬ ತಾಯ್ನಾಡಿಗೆ ಹೊರಟರೂ ಬಾಯಿಯವರು ನಮ್ಮಲ್ಲಿಂದ ಒಂದು ಸೊಲ್ಲಾಪುರಿ ಚಾದರ ಒಯ್ದು ಕೊಡುತ್ತಿದ್ದರು. ಆ ಕುಟುಂಬ ಹೋಗಿ ಸೇರುವ ಊರಿನ ಹೆಸರನ್ನು ಅದರ ಮೂಲೆಯಲ್ಲಿ ಕೆಂಪು ದಾರದಿಂದ ಹೊಲಿಸಿ ಕೊಡುವುದು ನನ್ನಪ್ಪನ ಕಾಲದಿಂದ ನಡೆದು ಬಂದ ಪದ್ಧತಿ.

ಹೋದ ವರ್ಷ ಬಾಯಿಯವರಿಗೇ ಇಲ್ಲಿರುವ ಪರವಾನಗಿ ಮುಂದುವರಿಯಲಿಲ್ಲ. ಎಪ್ಪತ್ತು ದಾಟಿದ ಮೇಲೆ ದೇಶ ಬಿಡಬೇಕಾಯಿತು. ಅಮೆರಿಕದಲ್ಲಿ ಅಣ್ಣನ ಮಗಳು ಇರುವ ಊರಿಗೆ ಹೋಗುತ್ತಾರೆಂದು ಬಂಗಲೆಯ ಅಡಿಗೆಯವಳು ಹೇಳಿದಳು. ನಾನು, ಮಹಾ ಶಾಣ್ಯಾ, ಅವರನ್ನೊಂದು ಮಾತು ಕೇಳದೆ ಆ ಊರಿನ ಹೆಸರು ಹೊಲಿಸಿ ಚಾದರ ಸಿದ್ಧ ಇಟ್ಟೆ.

ಹೊರಡುವ ದಿನ ಬಂದರು. ಮೂಲೆ ಬಿಡಿಸಿ ನೋಡಿದರು. ಅಕ್ಷರಗಳ ಮೇಲೆ ಬಹಳ ಹೊತ್ತು ಬೆರಳಾಡಿಸಿದರು.

"ಇದು ನನ್ನ ಊರಲ್ರಿ ಸಾವಕಾರ್ರ. ನೀವು ಸೊಲ್ಲಾಪುರ ಅಂತ ಹಾಕಸ್ತೀರಿ ಅನ್ಕೊಂಡಿದ್ದೆ."

"ಬಿಚ್ಚಸ್ತೀನ್ರಿ ಬಾಯಾರ, ಅರ್ಧಾ ತಾಸು ಕೂಡ್ರಿ."

"ಗಾಡಿ ಟಾಯಂ ಆತು. ಇರ್ಲಿ ಬಿಡ್ರಿ."

ಅಂದು ಅವರು ಚಹಾ ಕೇಳಲಿಲ್ಲ. ಹೆಸರು ಹೊಲಿಯದ ಬೇರೆ ಚಾದರ ಕೊಡಬಹುದಿತ್ತು, ಹಿಂದಿನ ಕಪಾಟಿನಲ್ಲಿ ಹತ್ತಿಪ್ಪತ್ತು ಇದ್ದವು. ನನಗೆ ಹೊಳೆಯಲೇ ಇಲ್ಲ.

ಈ ಚಳಿಗಾಲದಲ್ಲಿ ಅಣ್ಣನ ಮಗಳ ಸಂದೇಶ ಬಂತು. ಅತ್ತೆ ತೀರಿಕೊಂಡರು, ಅಮೆರಿಕದಲ್ಲೇ ಮಣ್ಣು ಮಾಡಿದೆವು, ಕೊನೆಯವರೆಗೂ ನಿಮ್ಮ ಚಾದರವನ್ನೇ ಹೊದೆಯುತ್ತಿದ್ದರು ಎಂದು ಬರೆದಿದ್ದಳು. ಅಲ್ಲಿಗೆ ಹೋದ ವಾರದಲ್ಲೇ ಬಾಯಿಯವರು ಸೂಜಿ ಕೇಳಿ ಪಡೆದು ಮೂಲೆಯ ಕೆಂಪು ದಾರವನ್ನೆಲ್ಲ ಬಿಚ್ಚಿ ಹಾಕಿದ್ದರಂತೆ. ಅಲ್ಲಿ ಏನು ಬರೆದಿತ್ತು ಎಂದು ಕೇಳಿದ್ದಾಳೆ.

ಸುದ್ದಿ ಹೇಳಿದಾಗ ನನ್ನ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಅಂಗಡಿಗೆ ಬಂದು ಗಿರಾಕಿಗೆ ಟಾವೆಲ್ ತೋರಿಸಿದೆ. ಸಂಜೆ ಮಿಶನ್ ಸ್ಮಶಾನಕ್ಕೂ ಹೋಗಿ ಬಂದೆ. ಬಾಯಿಯವರ ತಾಯಿಯ ಬಾಜೂಕಿನ ಜಾಗ ಖಾಲಿಯೇ ಇದೆ. ಅದರ ಮುಂದೆ ನಿಂತರೂ ಕಣ್ಣಲ್ಲಿ ಹನಿ ನೀರು ಬರಲಿಲ್ಲ. ನನ್ನ ಬೆನ್ನು ತಿಕ್ಕಿ ಅಳಿಸಲು ಈಗ ಅವರೂ ಇಲ್ಲ.